ಮನೆ ಕಟ್ಟಿದವರಿಗೆ ಪಿಎಂಪಿ ಅರ್ಧ ಗೊತ್ತಿರುತ್ತದೆ

ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಅನ್ನುವುದು ಪ್ರಾಜೆಕ್ಟ್ ಮ್ಯಾನೇಜರ್‌ಗಳು ಬರೆಯುವ ಒಂದು ಪರೀಕ್ಷೆ. ಅದರಲ್ಲಿ ಬರುವಂಥ ಒಂದು ಪ್ರಶ್ನೆ ಮೊದಲು. ಕೆಲಸ ಅರ್ಧಕ್ಕೆ ಬಂದಿದೆ. ಗ್ರಾಹಕರು ಫೋನ್ ಮಾಡಿ, "ಇದೊಂದು ಚಿಕ್ಕ ಬದಲಾವಣೆ ಮಾಡಿಕೊಡಿ, ಜಾಸ್ತಿ ಏನಿಲ್ಲ" ಅನ್ನುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನೀವು ಮೊದಲು ಏನು ಮಾಡುತ್ತೀರಿ?

ಒಂದು: ಚಿಕ್ಕದೇ ಅಲ್ವಾ ಎಂದು ಮಾಡಿಕೊಡುತ್ತೀರಿ. ಎರಡು: ಒಪ್ಪಂದದಲ್ಲಿ ಇಲ್ಲ, ಆಗಲ್ಲ ಅನ್ನುತ್ತೀರಿ. ಮೂರು: ನಿಮ್ಮ ಬಾಸ್‌ಗೆ ವಿಷಯ ದಾಟಿಸುತ್ತೀರಿ. ನಾಲ್ಕು: ಇದರಿಂದ ದುಡ್ಡು, ದಿನ, ಗುಣಮಟ್ಟದಲ್ಲಿ ಎಷ್ಟು ಏರುಪೇರಾಗುತ್ತದೆ ಎಂದು ಲೆಕ್ಕ ಹಾಕುತ್ತೀರಿ.

ಹತ್ತು ವರ್ಷ ಆಫೀಸಿನಲ್ಲಿ ಪಳಗಿದವರಿಗೆ ಒಂದೋ ಮೂರೋ ಸರಿ ಅನ್ನಿಸುತ್ತದೆ. ನಾವು ದಿನಾ ಮಾಡುವುದು ಅದನ್ನೇ ಅಲ್ವಾ. ಪರೀಕ್ಷೆಗೆ ಬೇಕಾಗಿರುವುದು ನಾಲ್ಕು. ಪಿಎಂಪಿ ಕಷ್ಟ ಅನ್ನಿಸುವುದು ಇಂಥ ಕಡೆಯೇ. ಪದಗಳ ಅರ್ಥ ಬಾಯಿಪಾಠ ಆದರೆ ಸಾಲದು. ಯಾವ ಕೆಲಸಕ್ಕೆ ಮುಂಚೆ ಯಾವುದು ಬರುತ್ತದೆ, ಯಾಕೆ ಬರುತ್ತದೆ ಅನ್ನುವುದು ಗೊತ್ತಿರಬೇಕು. ಈ ಲೇಖನ ಆ 'ಯಾಕೆ'ಯ ಬಗ್ಗೆ.

ಯಾವ ಪರೀಕ್ಷೆ, ಯಾರಿಗೆ

ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1969ರಲ್ಲಿ. ಎಲ್ಲರೂ ಪಿಎಂಐ ಅನ್ನುತ್ತಾರೆ. ಅದು 1984ರಿಂದ ಪಿಎಂಪಿ ಪ್ರಮಾಣಪತ್ರ ಕೊಡುತ್ತಿದೆ. ಪದವಿ ಇದ್ದವರಿಗೆ ಹಿಂದಿನ ಎಂಟು ವರ್ಷಗಳಲ್ಲಿ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು, ಜೊತೆಗೆ 35 ಗಂಟೆಯ ತರಬೇತಿ. ಅನುಭವ ಇಲ್ಲದ ಹೊಸಬರಿಗೆ ಸಿಎಪಿಎಂ ಎಂಬ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ 23 ಗಂಟೆಯ ತರಬೇತಿ ಸಾಕು.

2021ರ ಜನವರಿಯಲ್ಲಿ ಬಂದ ಪಿಎಂಪಿ ಸ್ವರೂಪದಲ್ಲಿ 180 ಪ್ರಶ್ನೆ, 230 ನಿಮಿಷ. ಒಂದು ಪ್ರಶ್ನೆಗೆ ಸುಮಾರು 77 ಸೆಕೆಂಡು ಸಿಗುತ್ತದೆ. ಪ್ರಶ್ನೆಗಳಲ್ಲಿ ಶೇ. 50 ಕೆಲಸದ ವಿಧಾನದ ಮೇಲೆ, ಶೇ. 42 ಜನರನ್ನು ನಡೆಸಿಕೊಳ್ಳುವುದರ ಮೇಲೆ, ಉಳಿದ ಶೇ. 8 ವ್ಯವಹಾರದ ಹಿನ್ನೆಲೆಯ ಮೇಲೆ. ಕೆಲವು ವರ್ಷಕ್ಕೊಮ್ಮೆ ಪಿಎಂಐ ಈ ಪಾಲನ್ನು ಬದಲಿಸುತ್ತದೆ. ಹಾಗಾಗಿ ಶುಲ್ಕ ಕಟ್ಟುವ ಮುಂಚೆ ಅವರ ತಾಣದಲ್ಲಿರುವ ಪಠ್ಯಸೂಚಿಯನ್ನು ಒಮ್ಮೆ ನೋಡಿಬಿಡಿ.

ಸ್ನೇಹಿತರು ಕೊಟ್ಟ ಹಳೇ ನೋಟ್ಸ್ ಇಟ್ಟುಕೊಂಡವರಿಗೆ ಒಂದು ಮಾತು. ಪಿಎಂಐ ಹೊರತರುವ ಕೈಪಿಡಿ ಪಿಎಂಬಾಕ್ ಗೈಡ್‌ನ 6ನೇ ಆವೃತ್ತಿ (2017) ಪೂರ್ತಿ ವಿಷಯವನ್ನು 49 ಪ್ರಕ್ರಿಯೆಗಳಾಗಿ ಹಂಚಿತ್ತು. 2021ರ 7ನೇ ಆವೃತ್ತಿ ಆ ಚೌಕಟ್ಟು ಬಿಟ್ಟು 12 ತತ್ವಗಳ ಮೇಲೆ ನಿಂತಿತು. 49ನ್ನು ಉರು ಹೊಡೆಯಲು ತಿಂಗಳುಗಟ್ಟಲೆ ಕೂರಬೇಡಿ. ಕ್ರಮ ಅರ್ಥವಾದರೆ ಸಾಕು.

ಪ್ರಾಜೆಕ್ಟ್ ಅಂದರೆ ಯಾವುದು, ಯಾವುದಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಮ್ಮ ಹಿರಿಯರು ಆರಿಸಿಕೊಂಡ ಎರಡು ಉದಾಹರಣೆಯೂ ಪ್ರಾಜೆಕ್ಟುಗಳೇ. ಎರಡಕ್ಕೂ ಶುರು ಇದೆ, ಕೊನೆ ಇದೆ. ಎರಡೂ ಮುಗಿದಾಗ ಮೊದಲು ಇಲ್ಲದಿದ್ದ ಏನೋ ಒಂದು ಇರುತ್ತದೆ. ಪುಸ್ತಕದ ವ್ಯಾಖ್ಯೆಯೂ ಇದೇ: ಹೊಸದೊಂದು ಫಲ ಕೊಡಲು ಸೀಮಿತ ಕಾಲ ನಡೆಯುವ ಪ್ರಯತ್ನ.

ಪ್ರಾಜೆಕ್ಟ್ ಅಲ್ಲದ್ದು ಅಂದರೆ ದಿನಾ ಮುಗಿಯದೆ ನಡೆಯುವ ಕೆಲಸ. ಇದಕ್ಕೆ ಆಪರೇಷನ್ಸ್ ಅನ್ನುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ವಿದ್ಯುತ್ ಕೇಂದ್ರ ಕಟ್ಟಿದ್ದು, ಗಣಿಯ ತನಕ ತಂತಿ ಎಳೆದದ್ದು ಪ್ರಾಜೆಕ್ಟ್. ಮಾರನೇ ದಿನದಿಂದ ಟರ್ಬೈನ್ ತಿರುಗುತ್ತಲೇ ಇರುವ ಹಾಗೆ ನೋಡಿಕೊಂಡದ್ದು ಆಪರೇಷನ್ಸ್. ಅಡುಗೆ ಭಟ್ಟರಿಗೆ ಇದು ನೂರನೇ ಮದುವೆ ಇರಬಹುದು, ಅವರಿಗೆ ಇದು ದಿನದ ಕಸುಬು. ಹೆಣ್ಣಿನ ಅಪ್ಪನಿಗೆ ಇದೊಂದೇ ಮದುವೆ.

ಪರಸ್ಪರ ಎಳೆದಾಡುವ ಮೂರು

ಸ್ಕೋಪ್ ಅಂದರೆ ಏನೇನು ಮಾಡಬೇಕು. ಶೆಡ್ಯೂಲ್ ಅಂದರೆ ಯಾವಾಗ ಮುಗಿಯಬೇಕು. ಬಜೆಟ್ ಅಂದರೆ ಎಷ್ಟು ದುಡ್ಡು. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ. ಅಲುಗಲು ಬಿಡದೆ ಕಟ್ಟಿಹಾಕಿದರೆ ಪೆಟ್ಟು ಬೀಳುವುದು ಗುಣಮಟ್ಟಕ್ಕೆ.

ಮದುವೆಯಲ್ಲಿ ಅಲುಗದೇ ಇರುವುದು ಮುಹೂರ್ತ. ಹಾಗಾಗಿ ಕೊನೇ ವಾರ ದುಡ್ಡು ನೀರಿನಂತೆ ಹೋಗುತ್ತದೆ. ಮನೆಯಲ್ಲಿ ಬಹಳಷ್ಟು ಜನರಿಗೆ ಅಲುಗದ್ದು ಬ್ಯಾಂಕಿನ ಸಾಲದ ಮೊತ್ತ. ಹಾಗಾಗಿ ಗೃಹಪ್ರವೇಶ ಮುಂದಕ್ಕೆ ಹೋಗುತ್ತದೆ. ಪರೀಕ್ಷೆಯ ಪ್ರಶ್ನೆ ಓದುವಾಗಲೂ ಇದನ್ನೇ ಹುಡುಕಿ: ಇಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ?

ಪಾಯ ತೋಡುವ ಮುಂಚಿನ ಕಾಗದಗಳು

ಪ್ರಾಜೆಕ್ಟ್ ಇದೆ ಎಂದು ಅಧಿಕೃತವಾಗಿ ಹೇಳುವ ಕಾಗದ ಪ್ರಾಜೆಕ್ಟ್ ಚಾರ್ಟರ್. ಯಾಕೆ ಈ ಕೆಲಸ, ಅಂದಾಜು ಎಷ್ಟು ದುಡ್ಡು, ಯಾರು ಮ್ಯಾನೇಜರ್, ಅವರಿಗೆ ಎಷ್ಟು ಅಧಿಕಾರ ಎಂಬುದೆಲ್ಲ ಒಂದೆರಡು ಪುಟದಲ್ಲಿ ಇರುತ್ತದೆ. ಅದನ್ನು ಒಪ್ಪಿ ಸಹಿ ಹಾಕುವವರು ಸ್ಪಾನ್ಸರ್, ಅಂದರೆ ದುಡ್ಡು ಹಾಕುವವರು. ಮನೆಯಲ್ಲಿ ಸ್ಪಾನ್ಸರ್ ಅಪ್ಪ, ಸೈಟಿನಲ್ಲಿ ನಿಲ್ಲುವ ಮಗ ಮ್ಯಾನೇಜರ್ ಅಂದುಕೊಳ್ಳಿ. ಮಗನಿಗೆ ಎಷ್ಟು ಖರ್ಚಿನ ತನಕ ತಾನೇ ತೀರ್ಮಾನ ಮಾಡಬಹುದು ಅನ್ನುವುದು ಗೊತ್ತಿಲ್ಲದಿದ್ದರೆ ಮೇಸ್ತ್ರಿ ಎದುರೇ ಜಗಳ ಆಗುತ್ತದೆ.

ಆಮೇಲೆ ಸ್ಟೇಕ್‌ಹೋಲ್ಡರ್‌ಗಳು. ಕೆಲಸದಿಂದ ಯಾರಿಗೆಲ್ಲ ಒಳಿತೋ ತೊಂದರೆಯೋ ಆಗುತ್ತದೋ ಅವರೆಲ್ಲ ಇದರೊಳಗೆ ಬರುತ್ತಾರೆ. ಪಕ್ಕದ ಮನೆಯವರೂ ಬರುತ್ತಾರೆ. ಅವರ ಗೇಟಿನ ಮುಂದೆ ಜಲ್ಲಿ ಸುರಿದ ದಿನ ಇದು ಅರ್ಥವಾಗುತ್ತದೆ. ಯಾರಿಗೆ ಪ್ರಭಾವ ಜಾಸ್ತಿ, ಯಾರಿಗೆ ಆಸಕ್ತಿ ಜಾಸ್ತಿ ಎಂದು ಮೊದಲೇ ಪಟ್ಟಿ ಮಾಡಿಕೊಳ್ಳಬೇಕು.

ಮೂರನೆಯದು ಡಬ್ಲ್ಯುಬಿಎಸ್, ಅಂದರೆ ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್. ಪೂರ್ತಿ ಕೆಲಸವನ್ನು ತುಂಡು ತುಂಡು ಮಾಡಿ ಬರೆದ ಮರ ಇದು. ಮನೆ ಅನ್ನುವುದು ಕಾಂಡ. ಪಾಯ, ಗೋಡೆ, ಮೋಲ್ಡ್, ನೀರಿನ ಕೆಲಸ, ಕರೆಂಟಿನ ಕೆಲಸ ಕೊಂಬೆಗಳು. ಸಂಪು, ಓವರ್‌ಹೆಡ್ ಟ್ಯಾಂಕು, ಪೈಪು ಎಲೆಗಳು. ಕೊನೆಯ ತುಂಡಿಗೆ ವರ್ಕ್ ಪ್ಯಾಕೇಜ್ ಎಂದು ಹೆಸರು. ಅದರ ದಿನ, ಖರ್ಚು ಅಂದಾಜು ಮಾಡುವಷ್ಟು ಅದು ಚಿಕ್ಕದಿರಬೇಕು. ಈ ಮರದಲ್ಲಿ ಇಲ್ಲದ್ದು ಪ್ರಾಜೆಕ್ಟಿನಲ್ಲಿ ಇಲ್ಲ. ಕಾಂಪೌಂಡ್ ಗೋಡೆ ಬರೆಯಲು ಮರೆತರೆ ಅದಕ್ಕೆ ದುಡ್ಡೂ ಇರುವುದಿಲ್ಲ, ದಿನವೂ ಇರುವುದಿಲ್ಲ.

ಕ್ರಿಟಿಕಲ್ ಪಾತ್: ಯಾವ ತಡ ನಿಜವಾದ ತಡ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬಹಳ ಜನ ಎಡವುವುದು ಇಲ್ಲಿ ಮತ್ತು ಮುಂದಿನ ಭಾಗದಲ್ಲಿ.

ಗೋಡೆ, ಮೋಲ್ಡ್ ಮುಗಿದಿವೆ ಅಂದುಕೊಳ್ಳಿ. ಉಳಿದದ್ದು ಇಷ್ಟು. ವೈರಿಂಗ್, ನಲ್ಲಿ ಪೈಪಿಗೆ ಗೋಡೆ ಕೊರೆಯುವುದು 6 ದಿನ. ಅದಾದ ಮೇಲೆ ಪ್ಲಾಸ್ಟರಿಂಗ್, ನೀರು ಹೊಡೆಯುವುದೂ ಸೇರಿ 12 ದಿನ. ಆಮೇಲೆ ಟೈಲ್ಸ್ 10 ದಿನ. ಕೊನೆಗೆ ಪೇಂಟ್ 8 ದಿನ. ಇದರ ಜೊತೆಜೊತೆಗೇ ಬಡಗಿ ತನ್ನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ ಮಾಡುತ್ತಾನೆ, 20 ದಿನ. ಪೇಂಟ್ ಶುರುವಾಗುವ ಹೊತ್ತಿಗೆ ಬಾಗಿಲು ಬಂದಿರಬೇಕು.

ಎರಡು ದಾರಿ ಇವೆ. ಮೊದಲನೆಯದು 6, 12, 10, 8 ಕೂಡಿದರೆ 36 ದಿನ. ಎರಡನೆಯದು 20, 8 ಕೂಡಿದರೆ 28 ದಿನ. ಉದ್ದವಾದ ದಾರಿಯೇ ಕ್ರಿಟಿಕಲ್ ಪಾತ್. ಮನೆ 36 ದಿನಕ್ಕಿಂತ ಬೇಗ ಮುಗಿಯುವುದಿಲ್ಲ.

ಈಗ ಬಡಗಿ ಐದು ದಿನ ಊರಿಗೆ ಹೋದ. ನೀವು ಕೂಗಾಡಿದಿರಿ. ಲೆಕ್ಕದ ಪ್ರಕಾರ ಕೂಗಾಡುವ ಅಗತ್ಯ ಇರಲಿಲ್ಲ. ಅವನಿಗೆ 8 ದಿನದ ಸಡಿಲ ಇದೆ. ಇದನ್ನು ಫ್ಲೋಟ್ ಅನ್ನುತ್ತಾರೆ. ಟೈಲ್ಸ್‌ನವನು ಒಂದು ದಿನ ಬರಲಿಲ್ಲ ಅನ್ನಿ. ಅವನ ಫ್ಲೋಟ್ ಸೊನ್ನೆ. ಗೃಹಪ್ರವೇಶ ಅವತ್ತೇ ಒಂದು ದಿನ ಮುಂದೆ ಹೋಯಿತು.

ಬೇಗ ಮುಗಿಸಬೇಕಾದರೆ ಎರಡು ಉಪಾಯ. ಟೈಲ್ಸ್‌ಗೆ ಇನ್ನೊಂದು ತಂಡ ಹಾಕುವುದು ಕ್ರ್ಯಾಶಿಂಗ್, ಅದರಲ್ಲಿ ದುಡ್ಡು ಜಾಸ್ತಿ ಹೋಗುತ್ತದೆ. ಹಾಲಿನಲ್ಲಿ ಟೈಲ್ಸ್ ನಡೆಯುತ್ತಿರುವಾಗಲೇ ರೂಮಿನಲ್ಲಿ ಪೇಂಟ್ ಶುರು ಮಾಡುವುದು ಫಾಸ್ಟ್ ಟ್ರ್ಯಾಕಿಂಗ್. ಅದರಲ್ಲಿ ದುಡ್ಡು ಹೆಚ್ಚು ಬೇಡ, ಕೆಲಸ ಕೆಡುವ ಅಪಾಯ ಜಾಸ್ತಿ. ಬಡಗಿಗೆ ಓವರ್‌ಟೈಮ್ ಕೊಟ್ಟರೆ? ದುಡ್ಡು ಹೋಗುತ್ತದೆ, ಒಂದು ದಿನವೂ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಈ ಬಲೆ ಖಂಡಿತ ಇರುತ್ತದೆ ಅಂದುಕೊಂಡೇ ಓದಿ.

ದಿನದ ಅಂದಾಜೇ ಗಟ್ಟಿ ಇಲ್ಲದಿದ್ದರೆ ಪರ್ಟ್ ಸೂತ್ರ ಇದೆ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಮಾಡುವಾಗ ಹುಟ್ಟಿದ್ದು ಇದು. ಎಲ್ಲ ಚೆನ್ನಾಗಿ ನಡೆದರೆ 4 ದಿನ, ಸಾಮಾನ್ಯವಾಗಿ 6, ಮಳೆ ಹಿಡಿದುಕೊಂಡರೆ 14. ನಡುವಿನದ್ದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಕೂಡಿ, ಆರರಿಂದ ಭಾಗಿಸಿ. 4, 24, 14 ಸೇರಿ 42. ಆರರಿಂದ ಭಾಗಿಸಿದರೆ 7 ದಿನ.

ಅರ್ನ್ಡ್ ವ್ಯಾಲ್ಯೂ: ಖರ್ಚು ಸರಿ ಇದ್ದರೂ ನಷ್ಟ ಹೇಗೆ?

ಕಾಂಪೌಂಡ್ ಗೋಡೆ 100 ಅಡಿ. ದಿನಕ್ಕೆ 10 ಅಡಿಯಂತೆ 10 ದಿನ. ಅಡಿಗೆ 1,000 ರೂಪಾಯಿ, ಒಟ್ಟು ಬಜೆಟ್ 1,00,000. ಐದು ದಿನ ಕಳೆಯಿತು. ಕೈಯಿಂದ ಹೋದದ್ದು 50,000. ಅರ್ಧ ದಿನ, ಅರ್ಧ ದುಡ್ಡು. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ ಅಲ್ವಾ? ಹೊರಗೆ ಹೋಗಿ ಅಳೆದು ನೋಡಿದರೆ ಗೋಡೆ 40 ಅಡಿ ಮಾತ್ರ ಎದ್ದಿದೆ.

ಈ ಮೂರನೇ ಸಂಖ್ಯೆಗಾಗಿಯೇ ಪೂರ್ತಿ ವಿಧಾನ ಇರುವುದು. ಐದು ದಿನಕ್ಕೆ ಆಗಬೇಕಿದ್ದ ಕೆಲಸದ ಬೆಲೆ 50,000, ಅದು ಪಿವಿ (ಪ್ಲಾನ್ಡ್ ವ್ಯಾಲ್ಯೂ). ನಿಜವಾಗಿ ಆದ ಕೆಲಸದ ಬೆಲೆ, ಬಜೆಟ್ ದರದಲ್ಲಿ, 40,000. ಅದು ಇವಿ (ಅರ್ನ್ಡ್ ವ್ಯಾಲ್ಯೂ). ಕೈಯಿಂದ ಹೋದದ್ದು 50,000, ಅದು ಎಸಿ (ಆ್ಯಕ್ಚುಯಲ್ ಕಾಸ್ಟ್).

ಉಳಿದದ್ದೆಲ್ಲ ಇವಿಯಿಂದ ಶುರುವಾಗುತ್ತದೆ. ಇವಿಯಲ್ಲಿ ಎಸಿ ಕಳೆದರೆ ಖರ್ಚಿನ ವ್ಯತ್ಯಾಸ: ಮೈನಸ್ 10,000. ಇವಿಯಲ್ಲಿ ಪಿವಿ ಕಳೆದರೆ ವೇಗದ ವ್ಯತ್ಯಾಸ: ಅದೂ ಮೈನಸ್ 10,000. ಕಳೆಯುವ ಬದಲು ಭಾಗಿಸಿದರೆ ಖರ್ಚಿನ ಸೂಚ್ಯಂಕ ಸಿಪಿಐ (ಇವಿ ಭಾಗಿಸು ಎಸಿ), ವೇಗದ ಸೂಚ್ಯಂಕ ಎಸ್‌ಪಿಐ (ಇವಿ ಭಾಗಿಸು ಪಿವಿ) ಸಿಗುತ್ತವೆ, ಇಲ್ಲಿ ಎರಡೂ 0.8. ಸಿಪಿಐ 0.8 ಅಂದರೆ ನೀವು ಕೊಟ್ಟ ಪ್ರತಿ ರೂಪಾಯಿಗೆ 80 ಪೈಸೆಯ ಗೋಡೆ ಬಂದಿದೆ. ಇದೇ ರೀತಿ ಹೋದರೆ ಕೊನೆಗೆ ಖರ್ಚು ಎಷ್ಟು? 1,00,000ವನ್ನು 0.8ರಿಂದ ಭಾಗಿಸಿ. 1,25,000.

ನೆನಪಿಡಲು ಸುಲಭ ದಾರಿ: ವ್ಯತ್ಯಾಸ, ಸೂಚ್ಯಂಕ ಎರಡರಲ್ಲೂ ಇವಿ ಮೊದಲು ಬರುತ್ತದೆ. ವ್ಯತ್ಯಾಸ ಮೈನಸ್ ಆದರೆ, ಸೂಚ್ಯಂಕ ಒಂದಕ್ಕಿಂತ ಕಡಿಮೆ ಆದರೆ, ಸುದ್ದಿ ಕೆಟ್ಟದ್ದು. ಹೆಸರು ನೋಡಿ ಹೆದರಬೇಡಿ. ಮೇಸ್ತ್ರಿಗೆ ವಾರದ ಬಟವಾಡೆ ಮಾಡುವ ಮುಂಚೆ ಟೇಪು ಹಿಡಿದು ಗೋಡೆ ಅಳೆಯುವ ಹಳೇ ಯಜಮಾನರೆಲ್ಲ ಇದನ್ನೇ ಮಾಡುತ್ತಿದ್ದರು.

ಮಳೆ ಬರಬಹುದು, ಮಳೆ ಬರುತ್ತಿದೆ

ಮೊದಲನೆಯದು ರಿಸ್ಕ್. ಎರಡನೆಯದು ಇಶ್ಯೂ. ಆಗಬಹುದಾದದ್ದು ರಿಸ್ಕ್ ರಿಜಿಸ್ಟರಿಗೆ, ಆಗಿಬಿಟ್ಟದ್ದು ಇಶ್ಯೂ ಲಾಗ್‌ಗೆ. ಎರಡನ್ನೂ ಒಂದೇ ಡಬ್ಬಕ್ಕೆ ಹಾಕುವ ಆಯ್ಕೆ ಕಂಡರೆ ಅನುಮಾನಪಡಿ.

ಮೋಲ್ಡ್ ಹಾಕುವ ದಿನ ಮಳೆ ಬಂದರೆ ಅನ್ನುವ ರಿಸ್ಕ್ ತೆಗೆದುಕೊಳ್ಳಿ. ಮಳೆಗಾಲ ಕಳೆದ ಮೇಲೆಯೇ ಹಾಕುತ್ತೇನೆ ಅಂದರೆ ತಪ್ಪಿಸಿಕೊಂಡಂತೆ. ಟಾರ್ಪಾಲು ತಂದಿಟ್ಟರೆ ಪೆಟ್ಟು ತಗ್ಗಿಸಿದಂತೆ. ಹಾಳಾದರೆ ಕಂಟ್ರಾಕ್ಟರೇ ಭರಿಸಬೇಕು ಎಂದು ಒಪ್ಪಂದದಲ್ಲಿ ಬರೆಸಿದರೆ ಬೇರೆಯವರಿಗೆ ವರ್ಗಾಯಿಸಿದಂತೆ. ಸ್ವಲ್ಪ ದುಡ್ಡು ಪಕ್ಕಕ್ಕಿಟ್ಟು ಬಂದಾಗ ನೋಡೋಣ ಅಂದರೆ ಒಪ್ಪಿಕೊಂಡಂತೆ. ನಿಮ್ಮ ಕೈಮೀರಿದ್ದನ್ನು ಮೇಲಿನವರಿಗೆ ಒಪ್ಪಿಸುವ ಐದನೇ ದಾರಿಯೂ ಇದೆ. ಪಕ್ಕಕ್ಕಿಟ್ಟ ಆ ದುಡ್ಡಿಗೆ ಕಂಟಿಂಜೆನ್ಸಿ ರಿಸರ್ವ್ ಎಂದು ಹೆಸರು. ಊಹೆಗೇ ಬಾರದ್ದಕ್ಕೆ ಸಂಸ್ಥೆಯ ದೊಡ್ಡವರು ಇಟ್ಟುಕೊಳ್ಳುವುದು ಮ್ಯಾನೇಜ್‌ಮೆಂಟ್ ರಿಸರ್ವ್, ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ರಿಸ್ಕ್ ಒಳ್ಳೆಯದೂ ಆಗಿರಬಹುದು ಅನ್ನುವುದು ಬಹಳ ಜನಕ್ಕೆ ಹೊಸ ಮಾತು. ಪಕ್ಕದ ಸೈಟಿನವರೂ ಈ ವರ್ಷವೇ ಮನೆ ಶುರು ಮಾಡಬಹುದು. ಹಾಗಾದರೆ ಕಬ್ಬಿಣ, ಇಟ್ಟಿಗೆ ಒಟ್ಟಿಗೆ ತರಿಸಿ ಇಬ್ಬರೂ ಉಳಿಸಬಹುದು. ಇದು ಅವಕಾಶ. ಇದನ್ನೂ ಅದೇ ರಿಜಿಸ್ಟರಿನಲ್ಲಿ ಬರೆಯಬೇಕು.

ಮೊದಲ ಪ್ರಶ್ನೆಗೆ ವಾಪಸ್

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಅತ್ತೆ ಸೈಟಿಗೆ ಬಂದು, "ದೇವರಮನೆ ಬಾಗಿಲು ಪೂರ್ವಕ್ಕಿರಲಿ, ಒಂದು ಗೋಡೆ ಒಡೆದರೆ ಆಯ್ತಲ್ಲ" ಅನ್ನುತ್ತಾರೆ. ಆ ಗೋಡೆಯಲ್ಲಿ ಪೈಪು ಹೋಗಬೇಕಿತ್ತು. ಅದರ ಅಳತೆಗೆ ಬಾಗಿಲು ಆರ್ಡರ್ ಆಗಿದೆ. ಚಿಕ್ಕದು ಅನ್ನಿಸಿದ್ದು ಚಿಕ್ಕದಲ್ಲ. ಆದರೆ ಲೆಕ್ಕ ಹಾಕುವ ತನಕ ಅದು ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಹಾಗಾಗಿಯೇ ನಾಲ್ಕನೇ ಉತ್ತರ ಮೊದಲು. ಪರಿಣಾಮ ಗೊತ್ತಿಲ್ಲದೆ ಹೂಂ ಅನ್ನುವುದೂ ತಪ್ಪು, ಇಲ್ಲ ಅನ್ನುವುದೂ ತಪ್ಪು, ಬಾಸ್ ಹತ್ತಿರ ಬರಿಗೈಯಲ್ಲಿ ಹೋಗುವುದೂ ತಪ್ಪು. ಲೆಕ್ಕ ಆದ ಮೇಲೆ ಬದಲಾವಣೆಯ ಮನವಿ ಬರವಣಿಗೆಯಲ್ಲಿ ತೀರ್ಮಾನ ಮಾಡುವವರ ಮುಂದೆ ಹೋಗುತ್ತದೆ. ಕಂಪನಿಗಳಲ್ಲಿ ಈ ಗುಂಪಿಗೆ ಚೇಂಜ್ ಕಂಟ್ರೋಲ್ ಬೋರ್ಡ್ ಅನ್ನುತ್ತಾರೆ. ಅವರು ಒಪ್ಪಿದರೆ ಯೋಜನೆಯ ಕಾಗದ ತಿದ್ದಿ, ಸಂಬಂಧಪಟ್ಟವರಿಗೆ ತಿಳಿಸಿ, ಆಮೇಲೆ ಸುತ್ತಿಗೆ ಎತ್ತಬೇಕು.

ಈ ದಾರಿ ಬಿಟ್ಟು ಸುಮ್ನೆ ಒಳಗೆ ನುಗ್ಗುವ ಕೆಲಸಗಳಿಗೆ ಸ್ಕೋಪ್ ಕ್ರೀಪ್ ಎಂದು ಹೆಸರು. ಯಾರೂ ಕೇಳದೇ ಇದ್ದರೂ ಖುಷಿಯಾಗಲಿ ಎಂದು ನಮ್ಮವರೇ ಸೇರಿಸಿದರೆ ಗೋಲ್ಡ್ ಪ್ಲೇಟಿಂಗ್. ನಮ್ಮಲ್ಲಿ ಎರಡನೆಯದನ್ನು ಒಳ್ಳೆಯತನ ಅಂದುಕೊಳ್ಳುತ್ತಾರೆ. ಪರೀಕ್ಷೆ ಅದನ್ನು ತಪ್ಪು ಎಂದೇ ಎಣಿಸುತ್ತದೆ.

ನಕ್ಷೆಯೇ ಇಲ್ಲದ ಕೆಲಸ: ಅಜೈಲ್

ಮನೆಗೆ ನಕ್ಷೆ ಇರುತ್ತದೆ. ಏನು ಬೇಕೆಂದೇ ಮೊದಲು ಗೊತ್ತಾಗದ ಕೆಲಸಗಳೂ ಇವೆ. ಪಿಜಿಗಳು ಜಾಸ್ತಿ ಇರುವ ಬೀದಿಯಲ್ಲಿ ಒಬ್ಬರು ಮೆಸ್ ತೆರೆಯುತ್ತಾರೆ ಅನ್ನಿ. ಹುಡುಗರಿಗೆ ಮುದ್ದೆ ಬೇಕೋ ಚಪಾತಿ ಬೇಕೋ ಗೊತ್ತಿಲ್ಲ. ವರ್ಷದ ಮೆನು ಇವತ್ತೇ ಬರೆದರೆ ಕಸದ ಬುಟ್ಟಿಗೆ. ಒಂದು ವಾರ ಮಾಡಿ, ಏನು ಉಳಿಯಿತು, ಏನು ಖಾಲಿಯಾಯಿತು ನೋಡಿ, ಮುಂದಿನ ವಾರ ತಿದ್ದಿಕೊಳ್ಳಬೇಕು.

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸಾಫ್ಟ್‌ವೇರ್ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆ ಬರೆದದ್ದು ಇದೇ ಯೋಚನೆಯ ಮೇಲೆ. ಅದರ ಜನಪ್ರಿಯ ರೂಪ ಸ್ಕ್ರಮ್. ಮಾಡಬೇಕಾದ್ದರ ಪಟ್ಟಿ ಪ್ರಾಡಕ್ಟ್ ಬ್ಯಾಕ್‌ಲಾಗ್. ಅದರಲ್ಲಿ ಯಾವುದು ಮೊದಲು ಎಂದು ಹೇಳುವವರು ಪ್ರಾಡಕ್ಟ್ ಓನರ್. ಒಂದು ತಿಂಗಳು ಮೀರದ ಕೆಲಸದ ಒಂದೊಂದು ಸುತ್ತನ್ನು ಸ್ಪ್ರಿಂಟ್ ಅನ್ನುತ್ತಾರೆ. ಸುತ್ತಿನ ಕೊನೆಗೆ ಮಾಡಿದ್ದನ್ನು ತೋರಿಸುವುದು ರಿವ್ಯೂ, ನಾವು ಹೇಗೆ ಮಾಡಿದೆವು ಎಂದು ನಮ್ಮನ್ನೇ ನೋಡಿಕೊಳ್ಳುವುದು ರೆಟ್ರೋಸ್ಪೆಕ್ಟಿವ್.

ಇಲ್ಲಿ ಅದೇ ಫೋನ್ ಪ್ರಶ್ನೆ ಬಂದರೆ ಉತ್ತರ ಬೇರೆ. ಬೋರ್ಡ್ ಇಲ್ಲ, ಮನವಿ ಪತ್ರ ಇಲ್ಲ. ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ಬ್ಯಾಕ್‌ಲಾಗ್‌ಗೆ ಸೇರಿಸಿ, ಅದರ ಸರದಿ ಅವರೇ ಗೊತ್ತು ಮಾಡುತ್ತಾರೆ. 2021ರ ಸ್ವರೂಪದಲ್ಲಿ ಸುಮಾರು ಅರ್ಧ ಪ್ರಶ್ನೆಗಳು ಅಜೈಲ್ ಅಥವಾ ಮಿಶ್ರ ವಿಧಾನದವು. ಹಾಗಾಗಿ ಪ್ರಶ್ನೆ ಯಾವ ಲೋಕದ್ದು ಎಂದು ಮೊದಲ ಸಾಲಿನಲ್ಲೇ ಗುರುತಿಸಿ. ಸ್ಪ್ರಿಂಟ್, ಬ್ಯಾಕ್‌ಲಾಗ್ ಅನ್ನುವ ಪದಗಳು ಸುಳಿವು ಕೊಡುತ್ತವೆ.

ಜನ, ಮತ್ತು ಪ್ರಶ್ನೆ ಓದುವ ಬಗೆ

ಐದು ಜನರ ತಂಡದಲ್ಲಿ ಮಾತಿನ ದಾರಿಗಳು 10. ಹತ್ತು ಜನ ಆದರೆ 45. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಿದರೆ ಇದು ಸಿಗುತ್ತದೆ. ಮದುವೆ ಮನೆಯಲ್ಲಿ ಹೂವಿನವನಿಗೆ ಮೂವರು ಮೂರು ಹೊತ್ತು ಹೇಳುವುದು ಯಾಕೆ ಅನ್ನುವುದಕ್ಕೆ ಇದೇ ಗಣಿತ.

ತಂಡದಲ್ಲಿ ಇಬ್ಬರು ಜಗಳ ಆಡಿದರೆ ಒಬ್ಬರನ್ನು ತೆಗೆಯುವುದು, ಎಚ್‌ಆರ್‌ಗೆ ದೂರು ಕೊಡುವುದು, ತಾನೇ ಸರಿಹೋಗಲಿ ಎಂದು ಬಿಡುವುದು ಸಾಮಾನ್ಯವಾಗಿ ತಪ್ಪು ಆಯ್ಕೆಗಳು. ಇಬ್ಬರನ್ನೂ ಕೂರಿಸಿ ಮೂಲ ಕಾರಣ ಕೇಳುವುದು ಸರಿ. ಇಲ್ಲೂ ಕ್ರಮ ಅದೇ: ಮೊದಲು ತಿಳಿದುಕೋ, ಆಮೇಲೆ ಕೈ ಹಾಕು.

"ಮೊದಲು ಏನು ಮಾಡಬೇಕು" ಮತ್ತು "ಏನು ಮಾಡಿದ್ದರೆ ಹೀಗಾಗುತ್ತಿರಲಿಲ್ಲ" ಎರಡೂ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಈಗಿನ ಹೆಜ್ಜೆ ಬೇಕು. ಎರಡನೆಯದಕ್ಕೆ ಹಿಂದೆ ಬಿಟ್ಟುಹೋದ ಯೋಜನೆಯ ಹೆಜ್ಜೆ. ಆತುರದಲ್ಲಿ ಓದಿದವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಅರ್ಥ ಕನ್ನಡದಲ್ಲಿ ಮಾಡಿಕೊಂಡರೂ ಪದಗಳನ್ನು ಇಂಗ್ಲಿಷಿನಲ್ಲೇ ಕಣ್ಣಿಗೆ ರೂಢಿ ಮಾಡಿಸಿ. ಇನ್ನೊಂದು, 2021ರ ಸ್ವರೂಪದಲ್ಲಿ 60 ಮತ್ತು 120 ಪ್ರಶ್ನೆಗಳಾದ ಮೇಲೆ ಹತ್ತು ಹತ್ತು ನಿಮಿಷದ ವಿರಾಮ ಸಿಗುತ್ತದೆ. ವಿರಾಮಕ್ಕೆ ಹೋದರೆ ಹಿಂದಿನ ಪ್ರಶ್ನೆಗಳಿಗೆ ಮತ್ತೆ ಬರುವಂತಿಲ್ಲ.

ಬಾಗಿಲು ಹಾಕುವ ಕೆಲಸ

ಗೃಹಪ್ರವೇಶ ಆದ ದಿನ ಮನೆ ಮುಗಿಯಿತು ಅಂದುಕೊಳ್ಳುತ್ತೇವೆ. ಪುಸ್ತಕದ ಪ್ರಕಾರ ಇನ್ನೂ ಮುಗಿದಿಲ್ಲ. ಕೆಲಸ ಒಪ್ಪಿಗೆಯಾಗಿದೆ ಎಂದು ಬರವಣಿಗೆಯಲ್ಲಿ ಪಡೆಯಬೇಕು. ಮೇಸ್ತ್ರಿ, ಬಡಗಿ, ಪ್ಲಂಬರ್ ಲೆಕ್ಕ ಚುಕ್ತಾ ಆಗಬೇಕು. ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಅನ್ನುವ ನಕ್ಷೆ, ಮೋಟಾರಿನ ವಾರಂಟಿ ಕಾರ್ಡು ಮನೆಯಲ್ಲಿ ಇರುವವರ ಕೈ ಸೇರಬೇಕು. ಏನು ಕಲಿತೆವು ಎಂದು ಬರೆದಿಡಬೇಕು, ಅದಕ್ಕೆ ಲೆಸನ್ಸ್ ಲರ್ನ್ಡ್ ಅನ್ನುತ್ತಾರೆ.

ಅರ್ಧಕ್ಕೇ ನಿಂತುಹೋದ ಪ್ರಾಜೆಕ್ಟ್ ಆದರೆ? "ಸ್ಪಾನ್ಸರ್ ಪ್ರಾಜೆಕ್ಟ್ ರದ್ದು ಮಾಡಿದ್ದಾರೆ, ಮ್ಯಾನೇಜರ್ ಮುಂದೇನು ಮಾಡಬೇಕು" ಅನ್ನುವ ಪ್ರಶ್ನೆಗೆ ತಂಡವನ್ನು ಮನೆಗೆ ಕಳಿಸುವುದು ಉತ್ತರ ಅಲ್ಲ. ಎಷ್ಟು ಆಗಿದೆ, ಯಾಕೆ ನಿಂತಿತು ಎಂದು ದಾಖಲಿಸಿ, ಲೆಕ್ಕ ತೀರಿಸಿ, ಕ್ರಮವಾಗಿ ಮುಚ್ಚಬೇಕು. ಪಾಯಕ್ಕೇ ನಿಂತ ಮನೆಯ ಸೈಟಿನಲ್ಲೂ ಮೇಸ್ತ್ರಿಯ ಬಾಕಿ ಇದ್ದೇ ಇರುತ್ತದೆ.